ಕಾರ್ಕಳದ ಗೊಮ್ಮಟನೂ ಕಲ್ಕುಡನ ಪಾಡ್ದನವೂ

ಸಹ್ಯಾದ್ರಿಯ ತಪ್ಪಲಿಗೆ ಸಮೀಪದಲ್ಲಿದ್ದು, ಆನೆಕೆರೆ ರಾಮಸಮುದ್ರಗಳೆಂಬ ಜಲಾಶಯಗಳಿಂದಲೂ ಹೆಬ್ಬಂಡೆಗಳಿಂದಲೂ ರಮಣೀಯವಾದ ಕಾರ್ಕಳವು ಪೂರ್ವದಲ್ಲಿ ಭೈರರಸ ವಂಶದವರ ರಾಜಧಾನಿಯಾಗಿದ್ದಿತು. ಅಲ್ಲಿಯ ಬೋಳುಬೆಟ್ಟದ ಮೇಲೆ ನಿಂತಿರುವ ಸುಮಾರು ೪೨ ಅಡಿ ಎತ್ತರದ ಗೊಮ್ಮಟನ ವಿಷಯವಾಗಿ ಎರಡು ಕಥನಗಳು ದೊರೆಯುತ್ತವೆ. ಒಂದು ಶಿಲೆಯಲ್ಲಿದೆ, ಮತ್ತೊಂದು ಜನರ ಬಾಯಲ್ಲಿದೆ. ಇವುಗಳೊಳಗಣ ವಿರೋಧವು ವಿಚಾರಾರ್ಹವಾದುದು.

ವಿಗ್ರಹದ ಪಕ್ಕದಲ್ಲಿರುವ ಶಾಸನಗಳ ಪ್ರಕಾರ, ಶಕ ೧೩೫೩ನೆಯ ವಿರೋಧಿಕೃತ್ ಸಂವತ್ಸರದ ಫಾಲ್ಗುಣ ಶುದ್ಧ ದ್ವಾದಶಿ ಬುಧವಾರ, ಎಂದರೆ ಕ್ರಿ. ಶ. ೧೪೩೨ನೆಯ ಫೆಬ್ರವರಿ ೧೩ರಂದು, ಸೋಮವಂಶದ ಭೈರವೇಂದ್ರನ ಮಗನಾದ ವೀರಪಾಂಡ್ಯನು ಪನಸೋಗೆಯ ಲಲಿತಕೀರ್ತಿ ಮುನಿಯ ಉಪದೇಶದಿಂದ ಈ ಪ್ರತಿಷ್ಠೆಯನ್ನು ಮಾಡಿಸಿದನು. ಅರಸನ ಹೆಸರು, ಗುರುವಿನ ಹೆಸರು, ತಿಥಿವಾರಗಳು ಎಲ್ಲವೂ ಉಂಟು. ಕಲ್ಲನ್ನು ಕಡೆದವನ ಹೆಸರು ಮಾತ್ರ ಇಲ್ಲ. ವಿಗ್ರಹವನ್ನು ಬಂಡಿಯಲ್ಲಿ ಬೆಟ್ಟಕ್ಕೇರಿಸಿದುದನ್ನು ವರ್ಣಿಸುವ ಚಂದ್ರಮ ಕವಿಯ 'ಕಾರ್ಕಳದ ಗೊಮ್ಮಟೇಶ್ವರ ಚರಿತೆ'ಯೂ ಅರಸನ ಕೀರ್ತಿಗಾಗಿಯೇ ಹುಟ್ಟಿದ ಕಾವ್ಯವು.

ತುಳು ಪಾಡ್ದನದ ಮಾರ್ಗವೇ ಬೇರೆ. ಅದರಲ್ಲಿ ನಾಯಕನು ಶಿಲ್ಪಿ ಕಲ್ಕುಡನು. ಇಂತಹ ವಿಗ್ರಹವು ಮತ್ತೆಲ್ಲಿಯೂ ಆಗಬಾರದೆಂದು ಕಾರ್ಕಳದ ಅರಸ ಭೈರವನು ಅವನ ಎಡಗೈಯನ್ನೂ ಬಲಗಾಲನ್ನೂ ಕಡಿಸಿದನಂತೆ. ಕಲ್ಕುಡನು ವೇಣೂರಿಗೆ ಹೋಗಿ ಒಂದೇ ಕೈಯಿಂದ ಇನ್ನೊಂದು ಗೊಮ್ಮಟನನ್ನು ಕಡೆದನು. ತಂಗಿ ಕಲ್ಲುರ್ಟಿಯೊಡನೆ ಭೂತವಾಗಿ ಅರಸನ ಮೇಲೆ ಹಗೆ ತೀರಿಸಿಕೊಂಡನು.

ಇದು ಚರಿತ್ರೆಯಾಗಲಾರದೆಂಬುದಕ್ಕೆ ಎರಡು ಬಾಧಕಗಳಿವೆ. ವೇಣೂರಿನ ಸುಮಾರು ೩೫ ಅಡಿಯ ವಿಗ್ರಹವನ್ನು ತಿಮ್ಮರಾಜ ಅಜಿಲನು ಬೆಳ್ಗೊಳದ ಚಾರುಕೀರ್ತಿಗಳ ಉಪದೇಶದಂತೆ ಪ್ರತಿಷ್ಠಿಸಿದುದು ೧೬೦೪ರಲ್ಲಿ. ನಡುವೆ ೧೭೨ ವರ್ಷಗಳು ಕಳೆದಿರಲು ಒಬ್ಬನೇ ಶಿಲ್ಪಿಯು ಎರಡನ್ನೂ ಕಡೆದನೆಂಬುದು ಅಸಂಭವವು. ಎರಡನೆಯದಾಗಿ, ಕಾರ್ಕಳದ ಪ್ರತಿಷ್ಠಾಪಕನು ವೀರಪಾಂಡ್ಯನೇ ಹೊರತು ಭೈರವನಲ್ಲ.

ಹಾಗಾದರೆ ಪಾಡ್ದನವು ಕೇವಲ ಕಲ್ಪಿತವೇ? ಹಾಗೆಂದು ಬಿಡಲಾಗದು. ವೇಣೂರಿನಲ್ಲಿ ಮತ್ತೊಂದು ಐತಿಹ್ಯವುಂಟು: ಗೊಮ್ಮಟನು ಅಲ್ಲಿ ನಿಲ್ಲಕೂಡದೆಂದು ಕಾರ್ಕಳದ ಇಮ್ಮಡಿ ಭೈರರಸನು ದಂಡೆತ್ತಿ ಬರಲು, ಅಜಿಲನು ವಿಗ್ರಹವನ್ನು ಫಲ್ಗುಣಿ ನದಿಯ ಮಳಲಿನಲ್ಲಿ ಹೂಳಿ ಕಾಪಾಡಿದನಂತೆ. ಈ ಇಮ್ಮಡಿ ಭೈರರಸನೇ ೧೫೮೬ರಲ್ಲಿ ಗೊಮ್ಮಟಬೆಟ್ಟದ ಎದುರಿನ ದಿಣ್ಣೆಯ ಮೇಲೆ ತ್ರಿಭುವನತಿಲಕ ಜಿನಚೈತ್ಯಾಲಯವೆಂಬ ಚತುರ್ಮುಖ ಬಸದಿಯನ್ನು ಕಟ್ಟಿಸಿದವನು. ಪಾಡ್ದನದ ಭೈರವನು ಇವನೇ ಎಂದು ಗ್ರಹಿಸಿದಲ್ಲಿ ಎರಡು ಬಾಧಕಗಳೂ ಒಮ್ಮೆಗೇ ಪರಿಹಾರವಾಗುತ್ತವೆ. ೧೪೩೨ರ ವಿಗ್ರಹವೂ ೧೬೦೪ರ ಸಮಯದ ಮಾತ್ಸರ್ಯವೂ ಜನರ ನೆನಪಿನಲ್ಲಿ ಕಲೆತು ಒಂದೇ ಕಥೆಯಾದುವೆಂದು ಊಹಿಸಬಹುದು. ಇದು ಊಹೆಯೇ ಹೊರತು ಸಿದ್ಧಾಂತವಲ್ಲ. ಆದರೂ ಯುಕ್ತಿಗೆ ವಿರುದ್ಧವಾದುದಲ್ಲ.

ಕಾಲನಿರ್ಣಯಕ್ಕೆ ಶಾಸನವೇ ಪ್ರಮಾಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕೈ ಕಡಿದ ಕಥೆಯು ಸುಳ್ಳಾದರೂ, ಕಡೆದ ಕೈಯೊಂದಿದ್ದಿತೆಂಬುದು ಸುಳ್ಳಲ್ಲ. ಶಾಸನವು ಮೌನವಾಗಿರುವ ಆ ಒಂದು ಸ್ಥಾನದಲ್ಲಿ ಪಾಡ್ದನವು ಮಾತನಾಡುತ್ತದೆ. ಅರಸು ಮನೆತನವು ಅಳಿದುಹೋದರೂ ಕಲ್ಕುಡ-ಕಲ್ಲುರ್ಟಿಯರಿಗೆ ತುಳುನಾಡಿನಲ್ಲಿ ಇಂದಿಗೂ ಕೋಲ ಸಲ್ಲುತ್ತಿದೆ. ಕಾರ್ಕಳದ ಚರಿತ್ರೆಯನ್ನು ಬರೆಯುವವರು ಶಿಲೆಯನ್ನು ಓದಿದ ಬಳಿಕ ಈ ಹಾಡನ್ನೂ ಕೇಳಬೇಕಾದುದು ಅವಶ್ಯವು.