ಯಕೃತ್ತಿನೊಳಗಣ ಕದನ

ಕ್ರಿ. ಶ. ೧೮೮೩ರಲ್ಲಿ ಜರ್ಮನಿಯ ಬ್ರೆಮೆನ್ ನಗರದ ಹಡಗುಕಟ್ಟೆಯಲ್ಲಿ ೧೨೮೯ ಮಂದಿ ಕೆಲಸಗಾರರಿಗೆ ದೇವಿ ಹಾಕಲಾಯಿತು. ಆ ಲಸಿಕೆಯಲ್ಲಿ ಮನುಷ್ಯದೇಹದಿಂದ ತೆಗೆದ ದ್ರವವಿದ್ದಿತು. ವಾರಗಳು ಕಳೆದು ತಿಂಗಳುಗಳಾಗುವಷ್ಟರಲ್ಲಿ ಅವರಲ್ಲಿ ೧೯೧ ಮಂದಿಗೆ ಕಾಮಾಲೆ ತಗಲಿತು. ೧೮೮೫ರಲ್ಲಿ ಇದನ್ನು ಪ್ರಕಟಿಸಿದ ವೈದ್ಯ ಲೂರ್ಮನ್ನನು ದೋಷವು ಲಸಿಕೆಯೊಡನೆ ಬಂದುದೆಂದು ತೋರಿಸಿದನು. ಆದರೆ ಒಳಹೊಕ್ಕ ರೋಗಬೀಜವು ಅಷ್ಟು ಕಾಲ ಮೌನವಾಗಿದ್ದುದೇಕೆ? ಈ ಪ್ರಶ್ನೆಗೆ ಉತ್ತರ ದೊರೆಯಲು ನೂರು ವರ್ಷಗಳಿಗೂ ಮಿಗಿಲಾದ ಕಾಲ ಬೇಕಾಯಿತು.

ಮೊದಲು ರೋಗಬೀಜದ ಗುರುತು ಸಿಕ್ಕಬೇಕಾಗಿದ್ದಿತು. ಅಮೆರಿಕದ ಬರೂಕ್ ಬ್ಲಂಬರ್ಗರು ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬನ ರಕ್ತದಲ್ಲಿ ಕಂಡ ಪದಾರ್ಥವೊಂದನ್ನು ೧೯೬೫ರಲ್ಲಿ ವರ್ಣಿಸಿದರು. ಅದು ಹೆಪಟೈಟಿಸ್ ‘ಬಿ’ ವೈರಸ್ಸಿನ ಹೊರಕವಚವೆಂದು ಮುಂದೆ ತಿಳಿಯಿತು. ಆಗ ಒಗಟು ಇನ್ನಷ್ಟು ಬಿಗಿಯಾಯಿತು. ರಕ್ತದಲ್ಲಿ ವೈರಸ್ ತುಂಬಿದ್ದರೂ ಹಲವರು ನಿರೋಗಿಗಳಂತೆ ಓಡಾಡುತ್ತಿದ್ದರು. ಕೃತಕ ಮೂತ್ರಪಿಂಡದ ಚಿಕಿತ್ಸಾಲಯಗಳಲ್ಲಿ ನಿತ್ರಾಣರಾದ ರೋಗಿಗಳಿಗೆ ಸೋಂಕು ಸಾಮಾನ್ಯವಾಗಿ ಸೌಮ್ಯವಾಗಿ ಬರುತ್ತಿದ್ದಿತು. ದೃಢಕಾಯರಾದ ದಾದಿಯರಿಗೋ ತೀವ್ರವಾದ ಕಾಮಾಲೆ! ವೈರಸ್ಸೇ ಯಕೃತ್ತನ್ನು ಕೊಲ್ಲುವುದಾದರೆ ದುರ್ಬಲನಲ್ಲವೇ ಮೊದಲು ಬೀಳಬೇಕಾದವನು?

೧೯೭೪ರಲ್ಲಿ ಕ್ಯಾನ್ಬೆರಾದ ಪೀಟರ್ ಡೊಹರ್ಟಿ ಮತ್ತು ರೋಲ್ಫ್ ಜಿಂಕರ್ನಾಗೆಲ್ ದಾರಿ ತೋರಿದರು. ಬಿಳಿಯ ರಕ್ತಕಣಗಳಲ್ಲಿ ‘ಟಿ’ ಎಂಬ ಜಾತಿಯವು, ವೈರಸ್ ಹೊಕ್ಕ ಜೀವಕೋಶವನ್ನು ಅದರ ಮೈಮೇಲಿನ ಗುರುತಿನಿಂದ ಅರಿತು ಕೊಲ್ಲುವ ಬಗೆಯನ್ನು ಅವರು ವಿವರಿಸಿದರು. ಮುಂದೆ ಕ್ಯಾಲಿಫೋರ್ನಿಯದಲ್ಲಿ ಫ್ರಾನ್ಸಿಸ್ ಚಿಸಾರಿಯವರ ತಂಡವು ಹೆಪಟೈಟಿಸ್ ‘ಬಿ’ಯ ವಂಶವಾಹಿಯನ್ನು ಹುಟ್ಟಿನಿಂದಲೇ ಹೊತ್ತ ಇಲಿಗಳನ್ನು ಬೆಳೆಸಿತು. ಅವುಗಳ ರಕ್ಷಕಕಣಗಳು ವೈರಸ್ಸಿನ ವಸ್ತುವನ್ನು ತಮ್ಮದೆಂದೇ ಭಾವಿಸಿ ಸುಮ್ಮನಿದ್ದವು. ಆದರೆ ಆ ವಸ್ತುವನ್ನು ಶತ್ರುವೆಂದು ಬಲ್ಲ ‘ಟಿ’ ಕಣಗಳನ್ನು ಹೊರಗಿನಿಂದ ಸೇರಿಸಿದೊಡನೆ ಯಕೃತ್ತು ಬೇನೆಗೊಂಡಿತು. ಹಾನಿ ಮಾಡಿದುದು ವೈರಸ್ಸಲ್ಲ, ಅದನ್ನು ಅಟ್ಟಬಂದ ಸೇನೆ. ಇಲಿಯ ಮೇಲಿನ ಸಿಟ್ಟಿಗೆ ಮನೆಗೆ ಬೆಂಕಿಯಿಟ್ಟಂತೆ ಎನ್ನುವುದು ನಮ್ಮ ಗಾದೆ.

ಗಾದೆ ಇಲ್ಲಿ ಅರ್ಧಸತ್ಯ ಮಾತ್ರ. ‘ಟಿ’ ಕಣಗಳು ಸೂಸುವ ಇಂಟರ್‌ಫೆರಾನ್ ಮುಂತಾದ ದ್ರವ್ಯಗಳು ಜೀವಕೋಶವನ್ನು ಕೊಲ್ಲದೆಯೇ ವೈರಸ್ಸನ್ನು ಅಳಿಸಬಲ್ಲವೆಂದು ೧೯೯೬ರಲ್ಲಿ ಅದೇ ತಂಡವು ಕಂಡಿತು. ೨೦೦೩ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಚಿಂಪಾಂಜಿಗಳಿಂದ ಈ ಕಣಗಳನ್ನು ಕೆಲಕಾಲ ತೆಗೆದಾಗ, ಬೇನೆಯೂ ತಡವಾಯಿತು, ವೈರಸ್ಸಿನ ನಿರ್ಮೂಲವೂ ತಡವಾಯಿತು. ನೋವೂ ಗುಣವೂ ಒಂದೇ ಕೈಯಿಂದ ಬರುತ್ತವೆ.

ಬ್ರೆಮೆನ್ನಿನ ಮೌನಕ್ಕೆ ಇದೇ ಅರ್ಥ. ವೈರಸ್ ಯಕೃತ್ತನ್ನು ಸದ್ದಿಲ್ಲದೆ ತುಂಬಿಕೊಳ್ಳುತ್ತಿದ್ದಿತು. ಸೇನೆ ಇನ್ನೂ ಬಂದಿರಲಿಲ್ಲ.

ನವಜಾತ ಶಿಶುವಿನಲ್ಲಿ ಈ ಮೌನವೇ ಅಪಾಯಕರ. ತಾಯಿಯಿಂದ ಸೋಂಕು ತಗಲಿದ ಹಸುಳೆಗೆ ಕಾಮಾಲೆ ಕಾಣುವುದು ವಿರಳ. ಆದರೆ ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳಲ್ಲಿ ವೈರಸ್ ನೆಲೆಯೂರುತ್ತದೆ. ಅದೇ ಸೋಂಕು ವಯಸ್ಕರಲ್ಲಿ ಬಹುಮಟ್ಟಿಗೆ ತಾನಾಗಿಯೇ ತೊಲಗುತ್ತದೆ. ನೆಲೆಯೂರಿದ ವೈರಸ್ಸಿನೊಡನೆ ಗೆಲುವಿಲ್ಲದ ಕಿರುಕದನಗಳು ದಶಕಗಳ ಕಾಲ ನಡೆದು, ಯಕೃತ್ತು ಗಾಯದ ಕಲೆಗಳಿಂದ ಗಡುಸಾಗುತ್ತದೆ. ಕೆಲವರಲ್ಲಿ ಕ್ಯಾನ್ಸರ್ ಹುಟ್ಟುತ್ತದೆ. ಹುಟ್ಟಿದ ೨೪ ಗಂಟೆಗಳೊಳಗೆ ಕೊಡುವ ಲಸಿಕೆಯು ಶತ್ರುವಿನ ಗುರುತನ್ನು ಸೇನೆಗೆ ಮುಂಚೆಯೇ ಕಲಿಸಿ, ಯುದ್ಧವೇ ನಡೆಯದಂತೆ ಮಾಡುತ್ತದೆ. ಕಾಮಾಲೆ ಕಾಣದಿರುವುದೇ ಕ್ಷೇಮದ ಕುರುಹಲ್ಲವೆಂಬುದನ್ನು ನಾವು ನಮ್ಮ ತರಗತಿಗಳಲ್ಲಿ ಮಕ್ಕಳಿಗೆ ತಿಳಿಸಿಕೊಡೋಣ.