ಅರಸನ ಕಣ್ಣಿಗೆ ನಿಷಿದ್ಧವಾದ ಗ್ರಂಥ

ಪ್ರಭುತ್ವಕ್ಕೆ ಒಂದು ಅಂಕುಶವಿರಬೇಕೆಂಬ ಚಿಂತೆ ಎಲ್ಲ ದೇಶಗಳ ರಾಜನೀತಿಯಲ್ಲಿಯೂ ಒಂದಿಲ್ಲೊಂದು ರೂಪದಲ್ಲಿ ಕಾಣಬರುವುದಾದರೂ, ಕೊರಿಯಾದ ಜೋಸನ್ ರಾಜ್ಯದವರು ಆ ಅಂಕುಶವನ್ನು ಮಂತ್ರಿಗಳ ಕೈಯಲ್ಲಿ ಮಾತ್ರ ಇರಿಸಿ ತೃಪ್ತರಾಗದೆ, ಆಸ್ಥಾನದ ಶ್ರೇಣಿಯಲ್ಲಿ ತೀರ ಕೆಳಗಿನ ಮೆಟ್ಟಿಲಿನ ಮೇಲಿದ್ದ ಕೆಲವು ಮಂದಿ ತರುಣ ಲೇಖಕರ ಕುಂಚಕ್ಕೂ ಕಟ್ಟಿದರು. 1392ರಲ್ಲಿ ಯಿ ಸೊಂಗ್-ಗ್ಯೆ ಎಂಬ ಸೇನಾನಿ ಕೊರ್ಯೊ ವಂಶವನ್ನು ಕೊನೆಗಾಣಿಸಿ ಸ್ಥಾಪಿಸಿದ ಈ ರಾಜ್ಯದಲ್ಲಿ ಅಧಿಕಾರಿಗಳಿಗೆ ಒಂಬತ್ತು ದರ್ಜೆಗಳಿದ್ದುವು. ಯೆಮುನ್‌ಗ್ವಾನ್ ಎಂಬ ಕಚೇರಿಗೆ ಸೇರಿದ ಎಂಟು ಮಂದಿ ಇತಿಹಾಸಲೇಖಕರು ಏಳರಿಂದ ಒಂಬತ್ತನೆಯ ದರ್ಜೆಯವರು. ಕಠಿನವಾದ ರಾಜಪರೀಕ್ಷೆಯಲ್ಲಿ ತೇರ್ಗಡೆಯಾಗಿ ಬಂದ ಯುವಕರು. ಕಳೆದುಕೊಳ್ಳುವುದಕ್ಕೆ ದೊಡ್ಡ ಪದವಿಯಾಗಲಿ ಕಾಪಾಡಿಕೊಳ್ಳಬೇಕಾದ ಐಶ್ವರ್ಯವಾಗಲಿ ಇನ್ನೂ ಇಲ್ಲದ ವಯಸ್ಸಿನವರನ್ನೇ ಈ ಕೆಲಸಕ್ಕೆ ಆರಿಸುತ್ತಿದ್ದುದರಲ್ಲಿ ಗಾಢವಾದ ವಿವೇಕವುಂಟೆಂದು ನನಗೆ ತೋರುತ್ತದೆ.

ಅರಸನು ಮಂತ್ರಿಗಳೊಡನೆ ಮಾತನಾಡುವೆಡೆಯಲ್ಲೆಲ್ಲ ಇವರು ಹಾಜರಿರಬೇಕು. ಆಡಿದ ಮಾತು, ಮಾಡಿದ ಕಾರ್ಯ, ಬಂದ ಬಿನ್ನಹ ಎಲ್ಲವನ್ನೂ ಅಲ್ಲಿಯೇ ಬರೆದುಕೊಳ್ಳಬೇಕು. ಮನೆಗೆ ಹೋದಮೇಲೆ ಆ ದಿನದ ಸಂಗತಿಗಳನ್ನು ಕುರಿತು ತಮ್ಮ ಅಭಿಪ್ರಾಯವನ್ನೂ ಕೂಡಿಸಿ ಇನ್ನೊಂದು ಕರಡನ್ನು ಸಿದ್ಧಪಡಿಸಿ ಗುಪ್ತವಾಗಿ ಇಟ್ಟುಕೊಳ್ಳಬೇಕು. ಈ ಕಣ್ಗಾವಲು ಅರಸರಿಗೆ ಸುಲಭವಾಗಿ ಸಹ್ಯವಾಗಲಿಲ್ಲ. ಮೂರನೆಯ ಅರಸನಾದ ತೇಜೊಂಗನು, ತನ್ನ ವಿಶ್ರಾಂತಿಯ ಭವನಕ್ಕೆ ಲೇಖಕರು ಬರಕೂಡದೆಂದು ವಿಧಿಸಿದಾಗ, ಮಿನ್ ಇನ್-ಸೆಂಗ್ ಎಂಬ ಲೇಖಕನು ತನ್ನ ಮೇಲೆ ಆಕಾಶವುಂಟೆಂದು ಅರಸನಿಗೇ ಎದುರಾಡಿದನು; ಬಳಿಕ 1401ರಲ್ಲಿಯೇ ಮರೆಯಲ್ಲಿ ನಿಂತು ಇಣುಕಿದ ತಪ್ಪಿಗಾಗಿ ಗಡಿಪಾರಾದನು. ಆದರೆ ಗಡಿಪಾರಿನಿಂದ ಪದ್ಧತಿ ನಿಲ್ಲಲಿಲ್ಲ. 1404ರಲ್ಲಿ ಇದೇ ತೇಜೊಂಗನು ಬೇಟೆಗೆ ಹೋಗಿ, ಕುದುರೆಯ ಮೇಲಿಂದ ಜಿಂಕೆಗೆ ಬಾಣಬಿಡುತ್ತಿರುವಾಗ, ಕುದುರೆ ಮುಗ್ಗರಿಸಲು ನೆಲಕ್ಕೆ ಬಿದ್ದನು. ಗಾಯವೇನೂ ಆಗಲಿಲ್ಲ. ಎದ್ದವನು ಎಡಬಲಗಳನ್ನು ನೋಡಿ, ಈ ವಿಷಯ ಇತಿಹಾಸಲೇಖಕನಿಗೆ ತಿಳಿಯಕೂಡದೆಂದು ಹೇಳಿದನು. ಅವನು ಬಿದ್ದುದೂ, ತಿಳಿಯಕೂಡದೆಂದು ಹೇಳಿದುದೂ ಎರಡೂ ಆ ದಿನದ ದಾಖಲೆಯಲ್ಲಿ ಸೇರಿ ಇಂದಿಗೂ ಉಳಿದಿವೆ.

ಬರೆಯುವ ಈ ಪದ್ಧತಿಯೂ, ಬರೆದುದನ್ನು ಅರಸನು ನೋಡಕೂಡದೆಂಬ ಕಟ್ಟೂ ಚೀನಾದಿಂದ ಬಂದುವು. ಆದರೆ ಚೀನಾದಲ್ಲಿ ಟ್ಯಾಂಗ್ ವಂಶದ ಸುಪ್ರಸಿದ್ಧ ಚಕ್ರವರ್ತಿ ಟೈಜೊಂಗನು ತನ್ನ ಕಾಲದ ದಾಖಲೆಯನ್ನು ತಾನೇ ತರಿಸಿಕೊಂಡು ಓದಿದ ಮೇಲೆ ಆ ಕಟ್ಟು ಸಡಿಲವಾಯಿತು. ಕೊರಿಯಾದವರು ಅದನ್ನು ಬಿಗಿಹಿಡಿದರು. ಹಾಗೆ ಹಿಡಿದ ಕೀರ್ತಿಯಲ್ಲಿ ಅರ್ಧಪಾಲು, ಓದಬಯಸಿಯೂ ಓದದೆ ಹೋದ ಒಬ್ಬ ಅರಸನಿಗೆ ಸಲ್ಲಬೇಕು. ತೇಜೊಂಗನ ಮಗನಾದ ಸೇಜೊಂಗನು, ಕೊರಿಯನ್ ಭಾಷೆಗೆ ಅದರದೇ ಆದ ಲಿಪಿಯನ್ನು ಕೊಟ್ಟ ಮಹಾಪುರುಷನು, 1431ರಲ್ಲಿ ತಂದೆಯ ಆಳ್ವಿಕೆಯ ವೃತ್ತಾಂತ ಸಿದ್ಧವಾದಾಗ ಅದನ್ನು ನೋಡಬೇಕೆಂದು ಅಪೇಕ್ಷಿಸಿದನು. ತಂದೆ ಸಿಂಹಾಸನದ ದಾರಿಯಲ್ಲಿ ಮಲತಮ್ಮಂದಿರನ್ನೇ ಕೊಲ್ಲಿಸಿದವನು. ಅಂಥವನನ್ನು ಮುಂದಿನ ಕಾಲ ಹೇಗೆ ನೆನೆಯುವುದೋ ಎಂದು ಮಗನಿಗೆ ಕುತೂಹಲವೂ ಕಳವಳವೂ ಹುಟ್ಟಿದುದು ಸಹಜವೇ. ಮೆಂಗ್ ಸಾ-ಸೊಂಗ್ ಮೊದಲಾದ ಮಂತ್ರಿಗಳು ಒಪ್ಪಲಿಲ್ಲ: ಇಂದು ತಾವು ನೋಡಿದರೆ ಮುಂದಿನವರೂ ನೋಡುವರು, ನೋಡಿದವರು ತಿದ್ದುವರು, ತಿದ್ದುವರೆಂಬ ಭಯದಿಂದ ಲೇಖಕರು ನಿಜವನ್ನು ಬರೆಯದೆ ಹೋಗುವರು ಎಂಬುದು ಅವರ ವಾದದ ಸಾರ. ಅರಸನು ಸುಮ್ಮನಾದನು. 1438ರಲ್ಲಿ ಮತ್ತೊಮ್ಮೆ ಆಸೆಪಟ್ಟು ಮತ್ತೊಮ್ಮೆ ಬಿಟ್ಟುಕೊಟ್ಟನು. ಆಜ್ಞಾಪಿಸಿದ್ದರೆ ತಡೆಯುವ ಸೈನ್ಯವೇನೂ ಆ ಮಂತ್ರಿಗಳಲ್ಲಿರಲಿಲ್ಲ. ಸೇಜೊಂಗನ ಗುಣಗಳನ್ನು ಹೇಳುವವರು ಲಿಪಿಯನ್ನೂ ಮಳೆಯ ಮಾಪನವನ್ನೂ ಸ್ಮರಿಸುವುದುಂಟು. ಈ ಎರಡು ಬಾರಿಯ ಸಂಯಮವನ್ನು ನಾನು ಅವುಗಳಿಗಿಂತ ಕೆಳಗೆ ಇಡಲಾರೆ.

ಅರಸನು ತೀರಿಕೊಂಡ ಮೇಲೆ, ಅವನ ವೃತ್ತಾಂತವನ್ನು ರಚಿಸುವುದಕ್ಕೆಂದೇ ಒಂದು ಕಚೇರಿ ತೆರೆಯುತ್ತಿತ್ತು. ಲೇಖಕರೆಲ್ಲ ಮನೆಯಲ್ಲಿದ್ದ ಕರಡುಗಳನ್ನು ತಂದೊಪ್ಪಿಸುವರು; ಮೊದಲ ಪಾಠ, ಎರಡನೆಯ ಪಾಠ, ಅಂತಿಮ ಪಾಠವೆಂದು ಮೂರು ಸಲ ಶೋಧನೆ ನಡೆಯುವುದು; ಆಮೇಲೆ ಮುದ್ರಣ. ಹೀಗೆ ಸಿದ್ಧವಾದುದೇ ‘ಸಿಲ್ಲೋಕ್’ ಎಂಬ ಗ್ರಂಥಮಾಲೆ. ಇದಾದ ನಂತರ ನಡೆಯುತ್ತಿದ್ದ ಕರಡು ತೊಳೆಯುವ ವಿಧಿ ಬಹು ಸ್ವಾರಸ್ಯವಾದುದು. ರಾಜಧಾನಿಯ ವಾಯವ್ಯದ ಬಾಗಿಲಿನಾಚೆ, ಸೆಗೊಮ್‌ಜೊಂಗ್ ಮಂಟಪದ ಬಳಿ ಹರಿಯುವ ತೊರೆಯಲ್ಲಿ ಅಗಲವಾದ ಬಂಡೆಯೊಂದಿದೆ. ಅದರ ಮೇಲೆ ಚಪ್ಪರ ಹಾಕಿ, ಕರಡಿನ ಹಾಳೆಗಳನ್ನು ನೀರಿನಲ್ಲಿ ಅದ್ದಿ, ಮಸಿ ಬಿಡುವವರೆಗೆ ಜಾಲಿಸುತ್ತಿದ್ದರು. ನಾರಿನಿಂದ ಮಾಡಿದ ಆ ಗಟ್ಟಿ ಕಾಗದ ನೀರಿಗೆ ಬೇಗ ಹರಿಯದು. ತೊಳೆದ ಹಾಳೆ ಸಮೀಪದ ಸರಕಾರಿ ಕಾಗದದ ಕಾರ್ಖಾನೆಗೆ ಹೋಗಿ ಹೊಸ ಹಾಳೆಯಾಗುತ್ತಿತ್ತು. ಕೆಲಸ ಮುಗಿದ ಸಂತೋಷಕ್ಕೆ ಅರಸನ ವತಿಯಿಂದ ಔತಣವೂ ನಡೆಯುತ್ತಿತ್ತು. ಯಾವ ಮಾತನ್ನು ಯಾವ ಲೇಖಕನು ಬರೆದನೆಂಬ ಗುರುತು ಆ ತೊರೆಯೊಡನೆಯೇ ಹರಿದುಹೋಗುತ್ತಿದ್ದುದರಿಂದ, ಮುಂದೆ ಹಗೆ ಸಾಧಿಸುವುದಕ್ಕೆ ಯಾರಿಗೂ ಆಧಾರ ಸಿಕ್ಕುತ್ತಿರಲಿಲ್ಲ.

ಗುರುತು ಸಿಕ್ಕಿದಲ್ಲಿ ಏನಾಗುತ್ತಿತ್ತೆಂಬುದು 1498ರಲ್ಲಿ ತಿಳಿದುಬಂದಿತು. ಕಿಮ್ ಇಲ್-ಸೋನ್ ಎಂಬ ಲೇಖಕನು ತನ್ನ ಕರಡಿನಲ್ಲಿ ಗುರುವಾದ ಕಿಮ್ ಜೊಂಗ್-ಜಿಕ್ ರಚಿಸಿದ ಶೋಕಲೇಖನವೊಂದನ್ನು ಸೇರಿಸಿದ್ದನು. ಅಣ್ಣನ ಮಗನ ಸಿಂಹಾಸನವನ್ನು ಕಿತ್ತುಕೊಂಡ ಹಿಂದಿನ ಅರಸ ಸೇಜೋವಿನ ನಿಂದೆ ಅದರಲ್ಲಿ ಅಡಗಿದೆಯೆಂದು, ಸಿಲ್ಲೋಕ್ ರಚನೆಯ ಹೊಣೆ ಹೊತ್ತಿದ್ದ ಹಿರಿಯ ಅಧಿಕಾರಿಯ ಮೂಲಕ ಸುದ್ದಿ ಹೊರಬಿದ್ದಿತು. ಸೇಜೋವಿನ ಮರಿಮಗನೂ ಕ್ರೂರಿಯೂ ಆದ ಅರಸ ಯೊನ್‌ಸಾನ್‌ಗುನ್ ಲೇಖಕನನ್ನು ವಧಿಸಿದನು. ಆಗಲೇ ಸತ್ತಿದ್ದ ಗುರುವಿನ ಗೋರಿಯನ್ನು ಅಗೆಸಿ ಶವದ ಶಿರಶ್ಛೇದ ಮಾಡಿಸಿದನು. ಅಂತಹವನಿಗೂ ಮಂತ್ರಿಗಳು ಕರಡನ್ನು ಇಡಿಯಾಗಿ ಒಪ್ಪಿಸದೆ, ಸಂಬಂಧಪಟ್ಟ ಭಾಗಗಳನ್ನಷ್ಟೇ ಆಯ್ದು ಕೊಟ್ಟರೆಂಬುದನ್ನು ಮರೆಯಲಾಗದು. 1506ರಲ್ಲಿ ಅವನು ಪದಚ್ಯುತನಾದನು. ಅವನ ಆಳ್ವಿಕೆಯ ವೃತ್ತಾಂತಕ್ಕೆ ಸಿಲ್ಲೋಕ್ ಎಂಬ ಗೌರವದ ಹೆಸರು ಸಹ ದೊರೆಯದೆ, ಬರಿಯ ದಿನಚರಿಯೆಂದು ಕರೆಸಿಕೊಂಡಿತು.

ಪ್ರತಿಗಳನ್ನು ನಾಲ್ಕು ಊರುಗಳಲ್ಲಿ ಇರಿಸಿದ್ದುದರ ಬೆಲೆ 1592ರ ಜಪಾನೀ ದಂಡಯಾತ್ರೆಯಲ್ಲಿ ಅರಿವಾಯಿತು. ರಾಜಧಾನಿಯ, ಚುಂಗ್‌ಜುವಿನ, ಸೊಂಗ್‌ಜುವಿನ ಭಂಡಾರಗಳು ಸುಟ್ಟುಹೋದುವು. ಉಳಿದುದು ಜೊಂಜುವಿನ ಪ್ರತಿ ಒಂದೇ. ಅರವತ್ತನಾಲ್ಕು ವರ್ಷದ ಆನ್ ಉಯಿ, ಐವತ್ತಾರು ವರ್ಷದ ಸೋನ್ ಹೋಂಗ್-ನೋಕ್ ಎಂಬ ಇಬ್ಬರು ಗ್ರಾಮಾಂತರದ ಪಂಡಿತರು, ಯಾವ ಸರಕಾರಿ ಪದವಿಯ ಬಲವೂ ಇಲ್ಲದೆ, ತಮ್ಮ ಮನೆಯ ಆಳುಗಳನ್ನು ಕಟ್ಟಿಕೊಂಡು ಬಂದು, ಹದಿಮೂರು ಅರಸರ ವೃತ್ತಾಂತದ ಪೆಟ್ಟಿಗೆಗಳನ್ನು ನೇಜಾಂಗ್ ಬೆಟ್ಟದ ಗುಹೆಗೆ ಸಾಗಿಸಿದರು. ಸುಮಾರು ಒಂದು ವರ್ಷ ಸರದಿಯ ಮೇಲೆ ಕಾವಲಿದ್ದು, ಯಾವ ದಿನ ಯಾರ ಕಾವಲೆಂಬುದನ್ನೂ ಬರೆದಿಟ್ಟರು. ಆ ಒಂದು ಪ್ರತಿಯಿಂದ 1603ರಿಂದ 1606ರವರೆಗೆ ಪುನರ್ಮುದ್ರಣವಾಗಿ, ಹೊಸ ಭಂಡಾರಗಳು ಊರುಗಳನ್ನು ಬಿಟ್ಟು ಬೆಟ್ಟಗಳನ್ನು ಏರಿದುವು. ಹುಳು ಹಿಡಿಯದಂತೆ ಗ್ರಂಥಗಳನ್ನು ಆಗಾಗ ಹೊರತೆಗೆದು ಗಾಳಿಬಿಸಿಲಿಗೆ ಒಡ್ಡುವುದಕ್ಕೆ ರಾಜಧಾನಿಯಿಂದ ಲೇಖಕರೇ ಹೋಗಬೇಕಾಗಿತ್ತು.

ಲೇಖಕರೆಲ್ಲರೂ ನಿಷ್ಪಕ್ಷಪಾತಿಗಳಾಗಿದ್ದರೆಂದು ಹೇಳಲಾಗದು. ಆಸ್ಥಾನದ ಪಕ್ಷದ್ವೇಷ ಗ್ರಂಥದೊಳಕ್ಕೂ ನುಗ್ಗಿತು. ಸೊಂಜೋ ಅರಸನ ವೃತ್ತಾಂತವನ್ನು ಒಂದು ಪಕ್ಷದವರು ಬರೆದರು. 1623ರ ಕ್ರಾಂತಿಯಲ್ಲಿ ಅಧಿಕಾರಕ್ಕೆ ಬಂದ ಪ್ರತಿಪಕ್ಷದವರು ಅದು ದುಷ್ಟವೆಂದು ಹಳಿದು ಬೇರೊಂದನ್ನು ಬರೆಯಿಸಿದರು. ಆದರೆ ಹಳೆಯದನ್ನು ಸುಡಲಿಲ್ಲ. ಎರಡೂ ಅಕ್ಕಪಕ್ಕದಲ್ಲಿ ಉಳಿದುವು. ವೈರಿಯ ಬರಹವನ್ನು ನಾಶಮಾಡುವ ಸಾಮರ್ಥ್ಯವಿದ್ದೂ ಮಾಡದಿದ್ದ ಆ ಜನರ ಶಾಸ್ತ್ರನಿಷ್ಠೆಗೆ ನಾನು ತಲೆಬಾಗುತ್ತೇನೆ.

ಆ ಬೆಟ್ಟದ ಭಂಡಾರಗಳಲ್ಲೊಂದಾದ ಓದೆ ಪರ್ವತದ ಪ್ರತಿಯನ್ನು ಜಪಾನೀಯರು 1913ರಲ್ಲಿ ಟೋಕಿಯೋ ವಿಶ್ವವಿದ್ಯಾನಿಲಯಕ್ಕೆ ಒಯ್ದರು. 1923ರ ಭೂಕಂಪದ ಬೆಂಕಿಯಲ್ಲಿ ಅದರ ಬಹುಭಾಗ ಬೂದಿಯಾಯಿತು. ಅಳಿದುಳಿದವುಗಳಲ್ಲಿ 47 ಸಂಪುಟಗಳು 2006ರಲ್ಲಿ ಸ್ವದೇಶಕ್ಕೆ ಮರಳಿದುವು. 1997ರಲ್ಲಿ ಯುನೆಸ್ಕೋ ಸಂಸ್ಥೆಯು ವಿಶ್ವಸ್ಮರಣೆಯ ಪಟ್ಟಿಗೆ ಸೇರಿಸಿಕೊಂಡ ಸಿಲ್ಲೋಕ್ 1392ರಿಂದ 1863ರವರೆಗಿನ ಇಪ್ಪತ್ತೈದು ಅರಸರದು. ಆಮೇಲೆ ಆಳಿದ ಗೋಜೊಂಗ್, ಸುನ್‌ಜೊಂಗ್ ಎಂಬ ಕಡೆಯ ಇಬ್ಬರ ವೃತ್ತಾಂತವೂ ಅಚ್ಚಾಗಿದೆ. ಆದರೆ ಅದು ದೇಶ ಪರಾಧೀನವಾದ ಮೇಲೆ ಜಪಾನೀ ಅಧಿಕಾರಿಗಳ ಮೇಲ್ವಿಚಾರಣೆಯಲ್ಲಿ, ಅವರಿಗೆ ಒಪ್ಪಿಗೆಯಾಗುವಂತೆ ಸಿದ್ಧವಾದುದರಿಂದ, ಕೊರಿಯಾದ ವಿದ್ವಾಂಸರು ಅದನ್ನು ಹಿಂದಿನವುಗಳ ಸಾಲಿಗೆ ಸೇರಿಸುವುದಿಲ್ಲ. ಸೇರಿಸದಿರುವುದು ನ್ಯಾಯವೂ ಹೌದು.