ಅಲ್‌ಕಲಿ: ಬೂದಿಯಿಂದ ಬಂದ ಹೆಸರು

ಧಾತುಗಳ ಸಂಕೇತಗಳನ್ನು ಬಾಯಿಪಾಠ ಮಾಡುವ ವಿದ್ಯಾರ್ಥಿ ತಪ್ಪದೆ ಎಡವುವ ಜಾಗ ಪೊಟ್ಯಾಸಿಯಂ. ಹೆಸರು ‘ಪಿ’ಯಿಂದ ಆರಂಭ, ಸಂಕೇತ ಮಾತ್ರ ‘ಕೆ’. ‘ಪಿ’ಯನ್ನು ರಂಜಕಕ್ಕೆ ಕೊಟ್ಟುಬಿಟ್ಟಿದ್ದಾರೆ ಎಂದು ಹೇಳಿ ನಾವು ಮೇಷ್ಟ್ರುಗಳು ಮುಂದೆ ಸಾಗುತ್ತೇವೆ. ಅದು ಉತ್ತರವಲ್ಲ. ‘ಕೆ’ಯೇ ಏಕೆ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಅರಬ್ಬಿ ಭಾಷೆಯಲ್ಲಿ ‘ಕಲಾ’ ಎಂದರೆ ಹುರಿ ಎಂದರ್ಥ. ಅದೇ ಮೂಲದಿಂದ ಬಂದದ್ದು ‘ಅಲ್-ಕಲಿ’, ಅಂದರೆ ಉಪ್ಪು ನೆಲದ ಗಿಡಗಳನ್ನು ಸುಟ್ಟು ಪಡೆದ ಬೂದಿ. ‘ಅಲ್’ ಎಂಬುದು ಇಂಗ್ಲಿಷಿನ ‘ದ’ ಇದ್ದಂತೆ. ಯುರೋಪಿನವರು ಅದನ್ನೂ ಸೇರಿಸಿಯೇ ಎರವಲು ಪಡೆದರು. ಸಮುದ್ರತೀರದಲ್ಲಿ ಬೆಳೆಯುವ ಸಾಲ್ಸೋಲ, ಸ್ಯಾಲಿಕಾರ್ನಿಯ ಜಾತಿಯ ಗಿಡಗಳು ಮಣ್ಣಿನಿಂದ ಸೋಡಿಯಂ ಲವಣಗಳನ್ನು ಹೀರಿಕೊಳ್ಳುತ್ತವೆ. ಅವುಗಳ ಬೂದಿಯಲ್ಲಿ ಸೋಡಿಯಂ ಕಾರ್ಬೊನೇಟ್ ಹೇರಳ. ಈ ಬೂದಿಯನ್ನು ಮರಳಿನೊಂದಿಗೆ ಕರಗಿಸಿದರೆ ಗಾಜು. ನೀರಿನಲ್ಲಿ ಕದಡಿ, ಸುಣ್ಣ ಬೆರೆಸಿ ಬಸಿದ ತೀಕ್ಷ್ಣ ದ್ರಾವಣವನ್ನು ಎಣ್ಣೆಯೊಂದಿಗೆ ಕುದಿಸಿದರೆ ಸಾಬೂನು. ನಮ್ಮಲ್ಲಿ ಬಟ್ಟೆ ಒಗೆಯಲು ಚೌಳು ಮಣ್ಣು, ಪಾತ್ರೆ ತಿಕ್ಕಲು ಒಲೆಯ ಬೂದಿ ಬಳಸುತ್ತಿದ್ದುದೂ ಕ್ಷಾರದ ಇದೇ ಗುಣದಿಂದ.

ಪದ ಇಂಗ್ಲಿಷಿಗೆ ಬಂದದ್ದು 14ನೆಯ ಶತಮಾನದ ಹೊತ್ತಿಗೆ. ಚಾಸರ್ ಕವಿ ರಸವಾದಿಗಳನ್ನು ಗೇಲಿ ಮಾಡುವ ಕಥೆಯೊಂದರಲ್ಲಿ ಅವರ ಸಾಮಗ್ರಿಗಳ ಪಟ್ಟಿಯಲ್ಲಿ ಇದನ್ನೂ ಸೇರಿಸಿದ್ದಾನೆ.

ಗೊಂದಲ ಇದ್ದದ್ದು ಇಲ್ಲಿ. ಒಳನಾಡಿನ ಮರದ ಬೂದಿಯಲ್ಲಿ ಹೆಚ್ಚಾಗಿರುವುದು ಪೊಟ್ಯಾಸಿಯಂ ಕಾರ್ಬೊನೇಟ್. ಬೂದಿನೀರನ್ನು ಮಡಕೆಗಳಲ್ಲಿ ಬತ್ತಿಸಿ ತೆಗೆಯುತ್ತಿದ್ದುದರಿಂದ ಅದಕ್ಕೆ ‘ಪಾಟ್-ಆಷ್’, ಮಡಕೆಬೂದಿ, ಎಂಬ ಹೆಸರು. ಎರಡೂ ಬೆಳ್ಳಗೆ, ಎರಡೂ ಕ್ಷಾರ. ಹಾಗಾಗಿ ಬಹುಕಾಲ ಒಂದೇ ಎಂದು ಭಾವಿಸಲಾಗಿತ್ತು. ಅಡುಗೆ ಉಪ್ಪಿನಲ್ಲಿರುವ ಕ್ಷಾರಾಂಶ ಸೋಡಾದ್ದೇ, ಪೊಟ್ಯಾಷಿನದಲ್ಲ ಎಂದು 1736ರಲ್ಲಿ ತೋರಿಸಿದವನು ಫ್ರಾನ್ಸಿನ ದುಹಾಮೆಲ್ ದ್ಯು ಮೊನ್ಸೊ. ಮುಂದೆ ಆತ ತೀರದ ಗಿಡದ ಬೀಜಗಳನ್ನು ತನ್ನ ಒಳನಾಡಿನ ಜಮೀನಿನಲ್ಲೂ ಬಿತ್ತಿ ನೋಡಿದ. ವರ್ಷ ಕಳೆದಂತೆ ಬೂದಿಯಲ್ಲಿ ಸೋಡಾ ಕುಗ್ಗಿ ಪೊಟ್ಯಾಷ್ ಹೆಚ್ಚಿತು! ಗಿಡ ಅದೇ, ಬದಲಾದದ್ದು ನೆಲ. ಶಾಲೆಯಲ್ಲಿ ಹೇಳಲು ಇದಕ್ಕಿಂತ ಸೊಗಸಾದ ಪ್ರಯೋಗ ನನಗೆ ತೋಚುವುದಿಲ್ಲ.

1797ರಲ್ಲಿ ಜರ್ಮನಿಯ ಕ್ಲಾಪ್ರೋತ್ ಲ್ಯೂಸೈಟ್ ಎಂಬ ಖನಿಜದಲ್ಲಿಯೂ ಪೊಟ್ಯಾಷನ್ನು ಕಂಡ. ಕಲ್ಲಿನಲ್ಲಿ ಸಿಕ್ಕಿದ್ದನ್ನು ‘ಸಸ್ಯಕ್ಷಾರ’ ಎನ್ನುವುದು ಹೇಗೆ? ಅದಕ್ಕೆ ‘ಕಾಲಿ’, ಸೋಡಾಕ್ಕೆ ‘ನೇಟ್ರಾನ್’ ಎಂಬ ಹೆಸರುಗಳನ್ನು ಆತ ಸೂಚಿಸಿದ. ಹೀಗೆ ಅರಬ್ಬರು ಸೋಡಿಯಂಭರಿತ ಬೂದಿಗೆ ಇಟ್ಟಿದ್ದ ಹೆಸರು ಪೊಟ್ಯಾಸಿಯಂ ಪಾಲಾಯಿತು.

1807ರ ಅಕ್ಟೋಬರ್‌ನಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಹಂಫ್ರಿ ಡೇವಿ ದಾಹಕ ಪೊಟ್ಯಾಷಿನ ಮೂಲಕ ವಿದ್ಯುತ್ ಹಾಯಿಸಿದ. ದ್ರಾವಣದಲ್ಲಿ ಮಾಡಿದಾಗ ನೀರು ಮಾತ್ರ ವಿಭಜನೆಯಾಗಿತ್ತು. ತುಸುವೇ ತೇವವಿದ್ದ ಗಟ್ಟಿ ಪೊಟ್ಯಾಷನ್ನು ಬಳಸಿದಾಗ ಪಾದರಸದಂತೆ ಹೊಳೆಯುವ ಹನಿಗಳು ಕಾಣಿಸಿಕೊಂಡು, ಕೆಲವು ಹೊತ್ತಿ ಉರಿದವು. ಕೆಲವೇ ದಿನಗಳಲ್ಲಿ ಸೋಡಾದಿಂದಲೂ ಲೋಹ ಹೊರಬಂತು. ಡೇವಿ ಇಟ್ಟ ಹೆಸರುಗಳು ಪೊಟ್ಯಾಸಿಯಂ, ಸೋಡಿಯಂ. ಜರ್ಮನರಿಗೆ ಕ್ಲಾಪ್ರೋತನ ಪದಗಳೇ ಹಿತವಾಗಿ ಅವು ಕಾಲಿಯಂ, ನೇಟ್ರಿಯಂ ಆದವು. ಹೆಸರು ಡೇವಿಯದು, ಸಂಕೇತ ಜರ್ಮನರದು ಎಂಬ ರಾಜಿಯೇ ನಮ್ಮ ಪಠ್ಯಪುಸ್ತಕಗಳಲ್ಲಿ ಉಳಿದಿದೆ.

ಬೂದಿಯ ಪದದ ಪಯಣ ಅಲ್ಲಿಗೇ ನಿಲ್ಲಲಿಲ್ಲ. ಗಿಡಗಳಿಂದ ದೊರೆಯುವ ಮಾರ್ಫೀನ್‌ನಂಥ ವಸ್ತುಗಳು ಆಮ್ಲಗಳೊಡನೆ ಸೇರಿ ಲವಣವಾಗುವುದನ್ನು ನೋಡಿ, 1819ರಲ್ಲಿ ಜರ್ಮನಿಯ ಔಷಧಿತಜ್ಞ ಮೈಸ್ನರ್ ಅವುಗಳನ್ನು ‘ಆಲ್ಕಲಾಯ್ಡ್’, ಅಂದರೆ ಕ್ಷಾರದಂಥವು, ಎಂದು ಕರೆದ.